ಅನುಭವವೇ ಇಲ್ಲ, ಟ್ರೈನಿ ಕೆಲಸಕ್ಕೆ ಸಿವಿಯಲ್ಲಿ ಏನು ಬರೆಯಲಿ?

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ಬಿಕಾಂ ಕೊನೆಯ ವರ್ಷ, ಗ್ರಾಜುಯೇಟ್ ಟ್ರೈನಿ ಹುದ್ದೆಗಳಿಗೆ ಅರ್ಜಿ ಹಾಕಬೇಕು, ಆದರೆ ಸಿವಿ ಅರ್ಧ ಪುಟವೂ ತುಂಬುತ್ತಿಲ್ಲ. ಕೊನೆಗೆ ‘ಶನಿವಾರ, ಭಾನುವಾರ ಮಾವನ ಜಿನಸಿ ಅಂಗಡಿಯಲ್ಲಿ ಬಿಲ್ ಮಾಡುತ್ತೇನೆ, ಅದು ಬಿಟ್ಟರೆ ಅನುಭವ ಏನೂ ಇಲ್ಲ’ ಅಂದಿದ್ದೀರಿ.

ಅದನ್ನು ಬಿಡುವುದು ಯಾಕೆ ಮಾರಾಯ್ರೇ? ಅದೇ ಅಲ್ವಾ ಅನುಭವ!

ನಾನು ಮಂಗಳೂರಿನ ಒಂದು ಆಫೀಸಿನಲ್ಲಿ ಎಚ್‌ಆರ್ ಕೆಲಸದಲ್ಲಿದ್ದೇನೆ. ಟ್ರೈನಿಗಳನ್ನು ತೆಗೆದುಕೊಳ್ಳುವ ಹೊತ್ತಿಗೆ ಬರುವ ಸಿವಿಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಮೇಲೆ ಪಾಸ್‌ಪೋರ್ಟ್ ಸೈಜ್ ಫೋಟೋ. ಸವಾಲಿನ ವಾತಾವರಣದಲ್ಲಿ ದುಡಿಯುವ ಆಸೆ ಇದೆ ಎಂಬ ಒಂದು ವಾಕ್ಯ. ಕೆಳಗೆ ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ. ಕೊನೆಗೆ ಮೇಲಿನದೆಲ್ಲ ಸತ್ಯ ಎಂಬ ಪ್ರಮಾಣ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಯಾರದೋ ಬಯೋಡೇಟಾಕ್ಕೆ ಹೆಸರು ಬದಲಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಮ್ಮೆಯಂತೂ ಮೇಲೆ ಹುಡುಗಿಯ ಹೆಸರಿತ್ತು, ಪ್ರಮಾಣದ ಕೆಳಗೆ ಹುಡುಗನ ಹೆಸರು ಹಾಗೇ ಉಳಿದಿತ್ತು. ಇದನ್ನೆಲ್ಲ ಕಿತ್ತು ಹಾಕಿ.

ಆ ಜಾಗಕ್ಕೆ ಅಂಗಡಿ ಬರಲಿ. ಸಿವಿ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ, ನಾನು ಕನ್ನಡದಲ್ಲಿ ಹೇಳುತ್ತೇನೆ. ‘ಅಂಗಡಿಯಲ್ಲಿ ಸಹಾಯ’ ಅಂತ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ‘ಎರಡು ವರ್ಷದಿಂದ ವಾರಕ್ಕೆ 2 ದಿನ ಕೌಂಟರ್, ದಿನಕ್ಕೆ ಸುಮಾರು 80 ಬಿಲ್, ರಾತ್ರಿ ನಗದು, ಯುಪಿಐ ಎರಡನ್ನೂ ಬಿಲ್ಲಿಗೆ ತಾಳೆ ನೋಡುವುದು, ಖರೀದಿ ಬಿಲ್ಲುಗಳನ್ನು ಟ್ಯಾಲಿ ಸಾಫ್ಟ್‌ವೇರಿಗೆ ಹಾಕುವುದು’ ಅಂತ ಬರೆದರೆ, ಇವರ ಕೈಗೆ ದುಡ್ಡಿನ ಲೆಕ್ಕ ಕೊಡಬಹುದು ಅನ್ನಿಸುತ್ತದೆ. ಅಂಕಿ ನಾನು ಸುಮ್ನೆ ಹಾಕಿದ್ದು, ನಿಮ್ಮದನ್ನು ಹಾಕಿ. ತಿಂಗಳ ತಿಂಗಳ ಜಿಎಸ್‌ಟಿ ರಿಟರ್ನ್ ಹಾಕುವ ಅಂಗಡಿಯಾದರೆ ಮುಂದಿನ ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರದ ರಿಟರ್ನ್, ಹೋಗಬೇಕಲ್ವಾ? ಅದಕ್ಕೆ ಮಾರಾಟದ ಪಟ್ಟಿ ಮಾಡಿಕೊಟ್ಟದ್ದು ನೀವಾದರೆ, ಅದು ನಿಮ್ಮ ಸಿವಿಯ ಅತಿ ಒಳ್ಳೆಯ ಸಾಲು.

ಎನ್ನೆಸ್ಸೆಸ್‌ನಲ್ಲಿ ಇದ್ದೀರಾ? ಬರೀ ಸದಸ್ಯ ಅಂತ ಬರೆಯಬೇಡಿ. 2 ವರ್ಷದಲ್ಲಿ 240 ಗಂಟೆ ಕೆಲಸ, ಅದರ ಮೇಲೆ 7 ದಿನದ ಕ್ಯಾಂಪ್. ಕ್ಯಾಂಪಿನಲ್ಲಿ ಅಡುಗೆ ಸಾಮಾನಿನ ಲೆಕ್ಕ ಇಟ್ಟವರು ಯಾರು, ಅದು ಬೇಕು. ಹಾಗೆಯೇ ತುಳು, ಕೊಂಕಣಿ ಬಂದರೆ ಭಾಷೆಗಳ ಸಾಲಿನಲ್ಲಿ ಹಾಕಿ. ಮನೆಮಾತು ತಾನೇ ಅಂತ ಬಿಡುವವರೇ ಜಾಸ್ತಿ. ಈ ಕಡೆಯ ಗಿರಾಕಿಗಳ ಜೊತೆ ಮಾತಾಡುವ ಕೆಲಸಕ್ಕೆ ತುಳು ಗೊತ್ತಿದ್ದವರು ಬೇಕೇ ಬೇಕು.

ಆದರೆ ಇಲ್ಲದ್ದನ್ನು ಬರೆಯಬೇಡಿ. ನನ್ನ ಮೊದಲ ಸಿವಿಯಲ್ಲಿ ‘ಅಡ್ವಾನ್ಸ್ಡ್ ಎಕ್ಸೆಲ್’ ಅಂತ ಇತ್ತು. ಇಂಟರ್‌ವ್ಯೂನಲ್ಲಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ಒಂದು ಪಿವೋಟ್ ಟೇಬಲ್ ಮಾಡಿ ಅಂದರು. ನಾನು ಮೆನುಗಳನ್ನು ಒಂದೊಂದಾಗಿ ತೆರೆದು ಮುಚ್ಚಿದೆ. ಪಾಪ, ಅವರು ಐದು ನಿಮಿಷ ಕಾದರು. ಕೊನೆಗೆ ‘ಚಾ ಕುಡಿಯುತ್ತೀರಾ’ ಅಂತ ಕೇಳಿದರು.

ಇನ್ನು ಡಿಸೈನ್. ದೊಡ್ಡ ಕಂಪನಿಗಳಲ್ಲಿ ಸಿವಿಯನ್ನು ಮೊದಲು ಸಾಫ್ಟ್‌ವೇರ್ ಓದುವುದುಂಟು. ಎರಡು ಕಾಲಂ, ಟೇಬಲ್, ಚಿತ್ರ ಇದ್ದರೆ ಅದಕ್ಕೆ ಗಲಿಬಿಲಿ. ನಿಮ್ಮ ಪಿಡಿಎಫ್‌ನ ಅಕ್ಷರಗಳನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಡಿಗ್ರಿ ಎಲ್ಲೋ, ಅಂಕ ಎಲ್ಲೋ ಹೋದರೆ ಸಾಫ್ಟ್‌ವೇರಿಗೂ ಹಾಗೇ ಕಾಣಬಹುದು. ಒಂದೇ ಕಾಲಂ, ಒಂದೇ ಪುಟ, ಸಾಕು. ಜಾಹೀರಾತಿನಲ್ಲಿ ಕೇಳಿದ್ದು ನಿಮಗೆ ಗೊತ್ತಿದ್ದರೆ ಅವರದೇ ಪದದಲ್ಲಿ ಬರೆಯಿರಿ. ಒಂದೇ ಸಿವಿಯನ್ನು ಐವತ್ತು ಕಡೆ ಕಳಿಸಬೇಡಿ.

ಮತ್ತೆ, ಮನೆಯಲ್ಲಿ ಕೆನರಾ ಬ್ಯಾಂಕ್, ಯೂನಿಯನ್ ಬ್ಯಾಂಕ್ ಅಂತ ಹೇಳುತ್ತಿರಬಹುದು, ನಮ್ಮ ಜಿಲ್ಲೆಗಳಲ್ಲಿ ಅದು ಇದ್ದದ್ದೇ. ಅಲ್ಲಿ ಪಿಒ, ಅಂದರೆ ಪ್ರೊಬೇಷನರಿ ಆಫೀಸರ್ ಆಗಲು ಸರ್ಕಾರಿ ಬ್ಯಾಂಕುಗಳ ನೇಮಕಾತಿಯ ಐಬಿಪಿಎಸ್ ಪರೀಕ್ಷೆ ಬರೆಯಬೇಕು. ಸಿವಿ ಚಂದ ಮಾಡಿ ಅಲ್ಲಿ ಪ್ರಯೋಜನ ಇಲ್ಲ.

ಮುಂದಿನ ಶನಿವಾರ ಅಂಗಡಿಗೆ ಹೋದಾಗ ಹಿಂದಿನ ತಿಂಗಳ ಬಿಲ್ ಪುಸ್ತಕ ತೆಗೆದು, ನೀವಿದ್ದ ದಿನ ಎಷ್ಟು ಬಿಲ್ ಆಗಿದೆ ಎಣಿಸಿ. ಮಾವನಿಗೆ ಯಾಕೆ ಅಂತ ಹೇಳಿ, ಇಲ್ಲದಿದ್ದರೆ ಸಂಬಳ ಕೇಳಲು ಹೊರಟಿದ್ದೀರಿ ಅಂದುಕೊಂಡಾರು.