ಫಿಟ್ಸ್ ಬರಲೆಂದೇ ಆಸ್ಪತ್ರೆಗೆ ಹೋಗುವಾಗ

ಓದುಗರ ಪ್ರಶ್ನೆ, ನರರೋಗ ತಜ್ಞರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದಾಳೆ. ಹನ್ನೊಂದನೆಯ ವಯಸ್ಸಿನಿಂದ ಮೂರ್ಛೆ ಬರುತ್ತಿದ್ದು, ಎರಡು ಬಗೆಯ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡರೂ ತಿಂಗಳಿಗೆ ಎರಡು ಮೂರು ಸಲ ಬಂದೇ ಬರುತ್ತದೆ. ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಐದು ದಿನ ಇದ್ದು ವಿಡಿಯೊ ಇಇಜಿ (ಕ್ಯಾಮೆರಾದಲ್ಲಿ ಚಿತ್ರೀಕರಿಸುತ್ತಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಮಾಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ತಲೆಗೆ ಕರೆಂಟು ಕೊಡುತ್ತಾರೆ, ಕೂದಲು ಬೋಳಿಸುತ್ತಾರೆ ಎಂದು ಊರಿನಲ್ಲಿ ಹೆದರಿಸುತ್ತಿದ್ದಾರೆ. ಏನೇನು ಸಿದ್ಧತೆ ಮಾಡಿಕೊಳ್ಳಬೇಕು? ಅಲ್ಲಿ ಹೇಗೂ ಮಾತ್ರೆ ಕಡಿಮೆ ಮಾಡುತ್ತಾರಂತೆ. ಹೊರಡುವ ಮೂರು ದಿನ ಮೊದಲೇ ನಾವೇ ನಿಲ್ಲಿಸಿದರೆ ಬೇಗ ಮುಗಿಯುವುದಿಲ್ಲವೇ? ಅಡಿಕೆ ಕೊಯ್ಲು ಬೇರೆ ಹತ್ತಿರ ಬಂದಿದೆ.
— ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಳಿದ ಸಿದ್ಧತೆಯಲ್ಲಿ ಹೆಚ್ಚುಕಡಿಮೆಯಾದರೆ ಒಂದು ದಿನ ಹೆಚ್ಚು ಉಳಿಯಬೇಕಾದೀತು. ಇದರಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಆಸ್ಪತ್ರೆಯವರು ಸ್ಪಷ್ಟವಾಗಿ ಹೇಳದ ಹೊರತು ಮನೆಯಲ್ಲಿ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ. ಫಿಟ್ಸ್ ಬಂದು ದಾಖಲಾಗಲೆಂದು ಅಲ್ಲಿ ಮಾತ್ರೆ ಕಡಿಮೆ ಮಾಡುವುದು ನಿಜ. ಆದರೆ ಆ ಹೊತ್ತಿಗೆ ಅವಳ ಕೈಯಲ್ಲಿ ಔಷಧ ಕೊಡಲು ಸೂಜಿನಳಿಕೆ ಇರುತ್ತದೆ, ಮಂಚದ ಎರಡೂ ಬದಿಗೆ ಕಂಬಿ ಏರಿಸಿರುತ್ತಾರೆ, ಹಗಲಿರುಳು ಪರದೆಯ ಮೇಲೆ ಕಣ್ಣಿಟ್ಟವರು ಇರುತ್ತಾರೆ. ನೀವು ಮನೆಯಲ್ಲೇ ನಿಲ್ಲಿಸಿದರೆ ಆಗುಂಬೆ ಘಾಟಿಯ ತಿರುವಿನಲ್ಲಿ, ಬಸ್ಸಿನ ಸೀಟಿನಲ್ಲಿ, ಒಂದರ ಹಿಂದೊಂದು ಫಿಟ್ಸ್ ಬರಬಹುದು. ಐದು ನಿಮಿಷ ಮೀರಿದ ಫಿಟ್ಸ್ ತುರ್ತು ಚಿಕಿತ್ಸೆಯ ವಿಷಯ, ಅದು ಘಾಟಿಯಲ್ಲಿ ಎಲ್ಲಿ ಸಿಗುತ್ತದೆ? ಇನ್ನೊಂದು ಕಾರಣವೂ ಇದೆ. ಕೆಲವು ಮಾತ್ರೆಗಳನ್ನು ಒಂದೆರಡು ದಿನದಲ್ಲಿ ಇಳಿಸಬಹುದು, ಫಿನೋಬಾರ್ಬಿಟೋನ್‌ನಂಥವನ್ನು ನಿಧಾನವಾಗಿಯೇ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದಾಗ ಬರುವ ಫಿಟ್ಸ್ ಕ್ಷಣದಲ್ಲಿ ಇಡೀ ಮಿದುಳಿಗೆ ಹರಡಿ, ಮೊದಲು ಎಲ್ಲಿ ಹುಟ್ಟಿತೆಂಬುದನ್ನು ಮರೆಮಾಡಿಬಿಡಬಹುದು. ಹಾಗಾದರೆ ಐದು ದಿನ ಅಲ್ಲಿ ಕಳೆದೂ ಬೇಕಾದದ್ದು ಸಿಗುವುದಿಲ್ಲ.

ಆ ಹುಟ್ಟುವ ಜಾಗವನ್ನು ಹುಡುಕುವುದಕ್ಕೇ ಈ ಪರೀಕ್ಷೆ. ಮೂರ್ಛೆ ರೋಗವಿರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಔಷಧದಿಂದ ಪೂರ್ಣ ಹತೋಟಿ ಸಿಗುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟೂ ಫಲ ಕಾಣದಿದ್ದಾಗ, ಮೂರನೆಯ ಮಾತ್ರೆ ಸೇರಿಸುತ್ತಾ ವರ್ಷ ಕಳೆಯುವ ಬದಲು, ಇದು ಯಾವ ಬಗೆಯ ಮೂರ್ಛೆ, ಮಿದುಳಿನ ಒಂದೇ ಜಾಗದಿಂದ ಏಳುತ್ತಿದೆಯೇ, ಶಸ್ತ್ರಚಿಕಿತ್ಸೆಯಿಂದ ಗುಣವಾಗುವಂಥದೇ ಎಂದು ನೋಡುವುದು ಸರಿಯಾದ ದಾರಿ. ನಿಮ್ಮ ಡಾಕ್ಟರು ಮಾಡಿರುವುದೂ ಅದನ್ನೇ. ಇನ್ನೂ ಮೊದಲೇ ಹೇಳಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಕರೆಂಟು ಕೊಡುವ ಮಾತು ಶುದ್ಧ ಸುಳ್ಳು. ಮಿದುಳಿನಲ್ಲಿ ತಾನಾಗಿ ಇರುವ ವಿದ್ಯುತ್ತನ್ನು ಯಂತ್ರ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಟಾರ್ಚಿನ ಒಂದು ಸೆಲ್ಲು ಒಂದೂವರೆ ವೋಲ್ಟಿನದು. ಇಲ್ಲಿ ಅಳೆಯುವುದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ಈ ಅಲೆಗಳನ್ನು ದಾಖಲಿಸಿದಂದಿನಿಂದ ಇಂದಿನವರೆಗೂ ತತ್ತ್ವ ಅದೇ. ಕೂದಲನ್ನೂ ಬೋಳಿಸುವುದಿಲ್ಲ. ಬೈತಲೆ ತೆಗೆದಂತೆ ಕೂದಲು ಸರಿಸಿ, ಅಳತೆ ಪಟ್ಟಿ ಹಿಡಿದು ಗುರುತು ಹಾಕಿ, ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಬಿಲ್ಲೆಗಳನ್ನು ಅಂಟಿನಿಂದ ಕೂರಿಸಿ, ತಂತಿಗಳನ್ನೆಲ್ಲ ಹಿಂದಕ್ಕೆ ಜಡೆಯಂತೆ ಒಟ್ಟುಗೂಡಿಸಿ ಬ್ಯಾಂಡೇಜು ಸುತ್ತುತ್ತಾರೆ.

ಆ ಬಿಲ್ಲೆಗಳಿಗೆ ದೊಡ್ಡ ಶತ್ರು ನಮ್ಮ ಕೊಬ್ಬರಿ ಎಣ್ಣೆ. ಎಣ್ಣೆಯ ತಲೆಗೆ ಅಂಟು ನಿಲ್ಲುವುದಿಲ್ಲ, ಒಂದು ಬಿಲ್ಲೆ ಸಡಿಲವಾದರೂ ಯಂತ್ರ ಬರೆಯುವ ಅಲೆಯ ಗೆರೆ ಕೆಡುತ್ತದೆ. ಹಿಂದಿನ ದಿನ ಶಾಂಪೂ ಹಾಕಿ ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ, ಕಂಡಿಷನರ್, ಹೂವು, ಪಿನ್ನು ಯಾವುದೂ ಇಲ್ಲದೆ ಕರೆದುಕೊಂಡು ಹೋಗಿ. ಮತ್ತೆ ತಲೆಸ್ನಾನ ಬಿಲ್ಲೆ ತೆಗೆದ ಮೇಲೆಯೇ. ತಲೆಯ ಮೇಲಿಂದ ಹಾಕುವ ಚೂಡಿದಾರದ ಟಾಪು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ; ಮುಂದೆ ಗುಂಡಿಯಿರುವ ಶರ್ಟು ಅಥವಾ ನೈಟಿ ನಾಲ್ಕೈದು ಇರಲಿ. ಬಾಯಾಡಿಸಲೆಂದು ಕೋಡುಬಳೆ, ಚಕ್ಕುಲಿಯ ಡಬ್ಬಿ ಕಟ್ಟಿಕೊಂಡು ಹೋಗಬೇಡಿ. ಊಟ ತಿಂಡಿಗೆ ಅಡ್ಡಿಯಿಲ್ಲ, ಆದರೆ ದಿನವಿಡೀ ಅಗಿಯುತ್ತಿದ್ದರೆ ದವಡೆಯ ಸ್ನಾಯುಗಳ ವಿದ್ಯುತ್ತು ಮಿದುಳಿನ ಅಲೆಗಳನ್ನು ಮುಚ್ಚಿಬಿಡುತ್ತದೆ.

ಸ್ನಾನದ ಮಾತು ಬಂದಿದ್ದರಿಂದ ಒಂದು ವಿಷಯ ಕೇಳಬೇಕಾಗಿದೆ. ಬಚ್ಚಲಲ್ಲಿ ಹಂಡೆಯ ಬಿಸಿನೀರನ್ನು ತಲೆಗೆ ಹೊಯ್ದುಕೊಳ್ಳುವಾಗಲೇ ಅವಳಿಗೆ ಫಿಟ್ಸ್ ಬಂದದ್ದುಂಟೇ? ಬಿಸಿನೀರಿನ ಮೂರ್ಛೆ ಎಂಬುದೊಂದು ಬಗೆ ಕರ್ನಾಟಕದಲ್ಲಿ ಸಾಕಷ್ಟು ಕಂಡುಬರುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಅದನ್ನು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಹಾಗೇನಾದರೂ ಇದ್ದರೆ ದಾಖಲಾಗುವ ದಿನವೇ ತಪ್ಪದೆ ಹೇಳಿ.

ಇನ್ನು ನಿಮ್ಮ ಪಾಲಿನ ಕೆಲಸ. ಎಂಟು ವರ್ಷ ಫಿಟ್ಸ್ ಬಾರದಿರಲಿ ಎಂದು ಕಾದ ತಾಯಿ ನೀವು. ಈ ಐದು ದಿನ ಅದು ಬರಲಿ ಎಂದು ಕಾಯಬೇಕು. ಇದು ಹೇಳಿದಷ್ಟು ಸುಲಭವಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ವಿಡಿಯೊ ನೋಡುತ್ತಿದ್ದೆ. ಮೂರು ದಿನ ಕಾದ ಮೇಲೆ ನಸುಕಿನಲ್ಲಿ ಫಿಟ್ಸ್ ಬಂದಿತ್ತು. ತಾಯಿ ಓಡಿಬಂದು ಅವನನ್ನು ತಬ್ಬಿಕೊಂಡರು. ಮುಂದಿನ ಒಂದು ನಿಮಿಷ ನಮಗೆ ಕಂಡದ್ದು ಅವರ ಬೆನ್ನು, ಹಸಿರು ಶಾಲು, ಅದರ ಕೆಳಗಿಂದ ಹೊರಚಾಚಿದ ಒಂದು ಪಾದ ಮಾತ್ರ. ಬಾಯಿ ಯಾವ ಕಡೆಗೆ ಸೊಟ್ಟಗಾಯಿತು, ತಲೆ ಎತ್ತ ತಿರುಗಿತು, ಮೊದಲು ಯಾವ ಕೈ ಸೆಟೆಯಿತು ಎಂಬ, ಗೆರೆಗಳಷ್ಟೇ ಮುಖ್ಯವಾದ ಸಂಗತಿಗಳು ಸಿಗಲೇ ಇಲ್ಲ. ಆ ತಾಯಿಯನ್ನು ನಾನು ದೂರುವುದಿಲ್ಲ, ಮೊದಲೇ ಯಾರೂ ಹೇಳಿರಲಿಲ್ಲ.

ಫಿಟ್ಸ್ ಶುರುವಾಯಿತೆಂದು ಅನುಮಾನ ಬಂದ ಕೂಡಲೇ ಮಂಚದ ಬಳಿಯ ಗುಂಡಿ ಒತ್ತಿ. ಹೊದಿಕೆ ಪೂರ್ತಿ ಸರಿಸಿ, ಕತ್ತಲಿದ್ದರೆ ದೀಪ ಹಾಕಿ, ಕ್ಯಾಮೆರಾಕ್ಕೆ ಅಡ್ಡ ಬಾರದಂತೆ ಪಕ್ಕಕ್ಕೆ ನಿಲ್ಲಿ. ಹೆಸರು ಹಿಡಿದು ಕರೆಯಿರಿ, ಕೈ ಎತ್ತು ಎನ್ನಿ, "ಅಡಿಕೆ" ಎಂದೋ "ತುಂಗಾ" ಎಂದೋ ಒಂದು ಪದ ಹೇಳಿ; ಎಚ್ಚರವಾದ ಮೇಲೆ ಆಗ ಏನು ಹೇಳಿದೆ ಎಂದು ಕೇಳಿ. ದಾದಿಯರೂ ಇದನ್ನೆಲ್ಲ ಮಾಡುತ್ತಾರೆ, ಆದರೆ ಮನೆಮಾತಿನಲ್ಲಿ ನೀವು ಕೇಳಿದ್ದಕ್ಕೆ ಬರುವ ಉತ್ತರದ ಬೆಲೆ ಬೇರೆ. ಮಾತು ತಡವರಿಸಿತೇ, ಎಷ್ಟು ಹೊತ್ತಿಗೆ ಸರಿಹೋಯಿತು ಎಂಬುದರಿಂದ ಮಿದುಳಿನ ಯಾವ ಭಾಗ ಎಂಬ ಸುಳಿವು ಸಿಗುತ್ತದೆ. ಕೈಗೆ ಕಬ್ಬಿಣದ ಬೀಗದ ಕೈ ತುರುಕಬೇಡಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಬೀಗದ ಕೈ ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ; ಎರಡು ನಿಮಿಷದಲ್ಲಿ ತಾನಾಗಿ ನಿಲ್ಲುವುದಕ್ಕೆ ಅದು ಹೆಸರು ತೆಗೆದುಕೊಳ್ಳುತ್ತದೆ, ಅಷ್ಟೆ.

ರಾತ್ರಿ ನಿದ್ದೆಗೆಡಿಸುವುದೂ ಪರೀಕ್ಷೆಯ ಭಾಗವಾಗಬಹುದು. ಒಬ್ಬರೇ ಐದು ರಾತ್ರಿ ಎಚ್ಚರವಿರಲಾರಿರಿ. ಅನುಮತಿಯಿದ್ದರೆ ಅವಳ ಅಪ್ಪನೋ ಚಿಕ್ಕಮ್ಮನೋ ಸರದಿಗೆ ಬರಲಿ. ಶೌಚಾಲಯಕ್ಕೂ ಅವಳು ಒಬ್ಬಳೇ ಹೋಗುವಂತಿಲ್ಲ. ಹಳೆಯ ಎಂಆರ್‌ಐ ಫಿಲ್ಮು, ಫಿಟ್ಸ್ ಬಂದ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ಜೊತೆಗೆ ಒಯ್ಯಿರಿ. ಹಾಸ್ಟೆಲಿನ ಗೆಳತಿಯರು ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರೆ ನಾಚಿಕೆಪಡದೆ ಕೇಳಿ ಪಡೆಯಿರಿ. ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡಿನ ಮೇಲೆ ಸೇರುವುದಾದರೆ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ.

ಬಿಡುಗಡೆಯಾಗುವಾಗ ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿನಿಂದ ಎಂದು ಬರೆಸಿಕೊಳ್ಳಿ. ನೇರ ಹಾಸ್ಟೆಲಿಗೆ ಕಳಿಸದೆ ಒಂದು ವಾರ ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಕೂದಲಲ್ಲಿ ಅಂಟು ಉಳಿದಿದ್ದರೆ ಈಗ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಬಹುದು. ಕೊಯ್ಲಿನ ಚಿಂತೆಗೂ ಪರಿಹಾರವಿದೆ: ಕೊಯ್ಲು ಮುಗಿದ ಮೇಲಿನ ದಿನ ಕೊಡುವಿರಾ ಎಂದು ಆಸ್ಪತ್ರೆಯನ್ನೇ ಕೇಳಿ. ದಾಖಲಾಗುವ ದಿನವನ್ನು ಮುಂದೂಡಬಹುದು.

ಪ್ರಶ್ನೆ: ನನ್ನ ತಮ್ಮನಿಗೆ ನಾಲ್ಕು ದಿನ ವಿಡಿಯೊ ಇಇಜಿ ಮಾಡಿದರು. ಒಂದೂ ಫಿಟ್ಸ್ ಬರಲಿಲ್ಲ. ಮನೆಗೆ ಬಂದ ಮೂರನೆಯ ದಿನ ಬಂತು. ಖರ್ಚು ಮಾಡಿದ್ದೆಲ್ಲ ದಂಡವೇ?
— ಓದುಗರು, ಸಾಗರ

ಉತ್ತರ: ಇದು ಅಪರೂಪವೇನಲ್ಲ. ಮನೆಯ ಕೆಲಸ, ಬಿಸಿಲು, ತಿರುಗಾಟ ಯಾವುದೂ ಇಲ್ಲದ ಕೋಣೆಯಲ್ಲಿ ಫಿಟ್ಸ್ ಕೆಲವೊಮ್ಮೆ ಹಟ ಹಿಡಿದಂತೆ ದೂರ ಉಳಿಯುತ್ತದೆ. ಆದರೂ ದಂಡವಾಗಿಲ್ಲ. ಎರಡು ಫಿಟ್ಸ್ ನಡುವಿನ ಅವಧಿಯಲ್ಲಿ, ಅದರಲ್ಲೂ ನಿದ್ದೆಯಲ್ಲಿ, ಮಿದುಳಿನ ತೊಂದರೆಯ ಜಾಗದಿಂದ ಚೂಪಾದ ಅಲೆಗಳು ಏಳಬಹುದು. ನಾಲ್ಕು ರಾತ್ರಿಯ ದಾಖಲೆಯಲ್ಲಿ ಅವು ಸಿಕ್ಕಿವೆಯೇ ಎಂದು ವರದಿಯನ್ನು ಮುಂದಿಟ್ಟುಕೊಂಡು ನಿಮ್ಮ ಡಾಕ್ಟರನ್ನು ಕೇಳಿ. ಮೂರನೆಯ ದಿನ ಫಿಟ್ಸ್ ಬಂದದ್ದನ್ನು, ಕಡಿಮೆ ಮಾಡಿದ್ದ ಮಾತ್ರೆಗಳನ್ನು ಯಾವ ದಿನದಿಂದ ಪೂರ್ತಿ ಶುರುಮಾಡಿದಿರಿ ಎಂಬುದರ ಜೊತೆಗೆ, ಇವತ್ತೇ ಆಸ್ಪತ್ರೆಗೆ ತಿಳಿಸಿ. ಮತ್ತೆ ದಾಖಲಾಗಬೇಕಾಗಿ ಬಂದರೆ ನಿಮ್ಮ ತಮ್ಮನಿಗೆ ಸಾಮಾನ್ಯವಾಗಿ ತಿಂಗಳ ಯಾವ ದಿನಗಳಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆಂಬುದನ್ನು ಈಗಿನಿಂದಲೇ ಬರೆದಿಡಲು ಶುರುಮಾಡಿ. ಆ ದಿನಗಳಿಗೇ ಮಂಚ ಕಾಯ್ದಿರಿಸಲು ಸಾಧ್ಯವಿದೆಯೇ ಎಂದು ಕೇಳಬಹುದು.