ಬ್ರಿಟನ್ ಪಾರ್ಲಿಮೆಂಟಿನಲ್ಲಿ ಅಷ್ಟು ಕೂಗಾಡುವವರು ಒಟ್ಟಿಗೆ ಕೆಲಸ ಮಾಡ್ತಾರಾ?

ನೀವು ಕೇಳಿದ್ದು ಇದು: "ಬ್ರಿಟನ್ ಪಾರ್ಲಿಮೆಂಟಿನ ವಿಡಿಯೋ ನೋಡಿದರೆ ಬರೀ ಕೂಗಾಟ. ಆದರೂ ಅಲ್ಲಿ ಪಕ್ಷಭೇದ ಮರೆತು ಕೆಲಸ ಮಾಡ್ತಾರೆ ಅಂತ ಹೊಗಳ್ತಾರೆ. ನಿಜಾನಾ? ನಮ್ಮಲ್ಲಿ ಯಾಕೆ ಆಗಲ್ಲ?"

ನಾನು 2009ರಲ್ಲಿ ಇಂಗ್ಲೆಂಡಿಗೆ ಬಂದವನು. ಪಾಸ್‌ಪೋರ್ಟ್ ಇನ್ನೂ ನಮ್ಮದೇ. ಆದರೆ ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಗೂ ಓಟು ಹಾಕಬಹುದು. ಹಾಗಾಗಿ 2010ರಿಂದ ಐದು ಚುನಾವಣೆಗೂ ಹಾಕಿದ್ದೇನೆ, ಅದೂ ದಾರ ಕಟ್ಟಿ ಇಟ್ಟಿರುವ ಪೆನ್ಸಿಲ್ಲಿನಲ್ಲಿ! ಅಷ್ಟು ವರ್ಷ ನೋಡಿದ ಮೇಲೆ ನನ್ನ ಉತ್ತರ: ನಿಜ, ಮಾಡ್ತಾರೆ. ಆದರೆ ಎಲ್ಲರೂ ನೋಡುವ ಕಡೆ ಕಮ್ಮಿ, ಯಾರೂ ನೋಡದ ಕಡೆ ಜಾಸ್ತಿ. ಎಲ್ಲರ ಎದುರಿಗೆ ಕೈ ಹಿಡಿದವರನ್ನು ಜನ ಬಿಟ್ಟಿಲ್ಲ, ಚೆನ್ನಾಗಿ ಬಾರಿಸಿದ್ದಾರೆ.

ನಿಮ್ಮ ಫೋನಿಗೆ ಬರುವ ವಿಡಿಯೋ ಹೆಚ್ಚುಕಮ್ಮಿ ಬುಧವಾರ ಮಧ್ಯಾಹ್ನ 12 ಗಂಟೆಯದು. ಪ್ರಧಾನಿಗೆ ಪ್ರಶ್ನೆ ಕೇಳುವ ಅರ್ಧ ಗಂಟೆ. ಸದಸ್ಯರು 650 ಜನ, ಕೂರಲು ಜಾಗ ಇರುವುದು 427 ಜನಕ್ಕೆ. ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಹಳೆ ಸಭಾಂಗಣ ಹಾಳಾದಾಗ ದೊಡ್ಡದಾಗಿ ಕಟ್ಟೋಣ ಎಂದವರಿಗೆ ಚರ್ಚಿಲ್ ಬೇಡ ಅಂದರು. ಇಕ್ಕಟ್ಟಾಗಿದ್ದರೇ ಚರ್ಚೆಗೆ ಕಾವು ಅನ್ನೋದು ಅವರ ಲೆಕ್ಕ. ಎದುರುಬದುರು ಬೆಂಚು, ನಡುವೆ ಒಂದಿಷ್ಟು ಜಾಗ. ಅಲ್ಲಿ ಕೂತವರು ಕೂಗದೆ ಇನ್ನೇನು ಮಾಡ್ತಾರೆ?

ಒಮ್ಮೆ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಯಾರು ಬೇಕಾದರೂ ಹೋಗಬಹುದು, ದುಡ್ಡಿಲ್ಲ, ಏರ್‌ಪೋರ್ಟಿನ ಹಾಗೆ ಬ್ಯಾಗು ತಪಾಸಣೆ ಅಷ್ಟೆ. ಸಭಾಂಗಣ ಬಿಟ್ಟು ಒಂದು ಸಮಿತಿಯ ಕೋಣೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತೆ. ಕುದುರೆ ಲಾಳದ ಆಕಾರದ ಮೇಜು, ಸುತ್ತ ಎಲ್ಲ ಪಕ್ಷದವರು, ಎದುರಿಗೆ ಫೈಲು ಹಿಡಿದ ಮೂವರು ಅಧಿಕಾರಿಗಳು. ಹತ್ತು ನಿಮಿಷ ಕೇಳಿದರೂ ಯಾರು ಯಾವ ಪಕ್ಷ ಅಂತ ಗೊತ್ತಾಗಲಿಲ್ಲ. ಕೊನೆಗೆ ಫೋನಿನಲ್ಲಿ ಹುಡುಕಿ ನೋಡಿದರೆ, ಅಧಿಕಾರಿಗಳ ಬೆವರಿಳಿಸುತ್ತಿದ್ದ ಮಹಿಳೆ ಆಳುವ ಪಕ್ಷದವರೇ! ನನ್ನ ಹೊರತು ನೋಡುವವರು ನಾಲ್ಕೋ ಐದೋ ಜನ. ಲಾಳದ ಮೇಜಿನಿಂದಲೇ ಹೀಗಾಗುತ್ತೆ ಅಂತ ನಾನು ಹೇಳಲ್ಲ. ನಮ್ಮ ಲೋಕಸಭೆಯ ಆಸನಗಳೂ ಹೆಚ್ಚುಕಮ್ಮಿ ಅದೇ ಆಕಾರ, ಅಲ್ಲಿ ಏನಾಗುತ್ತೆ ನೋಡಿದ್ದೀರಲ್ಲ. ಚಪ್ಪಾಳೆ ಹೊಡೆಯುವವರು ಇಲ್ಲದ ಕಡೆ ನಾಟಕ ಆಡಿ ಏನು ಲಾಭ, ಅಷ್ಟೆ. (ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗಬೇಕು ಅನ್ನೋ ಪದ್ಧತಿ ಇಲ್ಲಿದೆ. ನಮ್ಮ ಪಾರ್ಲಿಮೆಂಟಿನಲ್ಲೂ ಹಾಗೇ ನಡೆದು ಬಂದಿದೆ.)

ಇದಕ್ಕಿಂತ ಒಳಗಿನ ವಿಷಯ ಒಂದಿದೆ, ಪೇರಿಂಗ್. ಒಂದು ಪಕ್ಷದ ಸದಸ್ಯರಿಗೆ ಕಾಯಿಲೆ, ಹೆರಿಗೆ, ವಿದೇಶ ಪ್ರವಾಸ ಏನೋ ಇದೆ, ಓಟಿಗೆ ಬರಲು ಆಗಲ್ಲ. ಆಗ ಎದುರು ಪಕ್ಷದ ಒಬ್ಬರು ತಾವೂ ಓಟು ಹಾಕದೆ ಸುಮ್ಮನಿರುತ್ತಾರೆ. ಇವರದು ಒಂದು ಕಮ್ಮಿ, ಅವರದು ಒಂದು ಕಮ್ಮಿ, ಲೆಕ್ಕ ಸಮ. ಎರಡೂ ಕಡೆಯ ವಿಪ್‌ಗಳು, ಅಂದರೆ ತಮ್ಮ ಪಕ್ಷದವರ ಓಟು ನೋಡಿಕೊಳ್ಳುವವರು, ಮಾತಾಡಿಕೊಂಡು ಮಾಡುವ ಏರ್ಪಾಡು ಇದು. ಸಹಿ ಇಲ್ಲ, ಕಾನೂನಿಲ್ಲ. ಕೊಟ್ಟ ಮಾತು ಮಾತ್ರ.

1979ರ ಮಾರ್ಚ್ 28. ಲೇಬರ್ ಪಕ್ಷದ ಕ್ಯಾಲಹನ್ ಪ್ರಧಾನಿ. ಅವರಿಗೆ ಬಹುಮತ ಇರಲಿಲ್ಲ, 1977ರಿಂದ ಒಂದೂವರೆ ವರ್ಷ ಲಿಬರಲ್ ಪಕ್ಷದ ಆಸರೆಯಲ್ಲಿ ಸರ್ಕಾರ ನಡೆದಿತ್ತು, ಆಮೇಲೆ ಅದೂ ಹೋಯಿತು. ಈಗ ವಿರೋಧದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ನಾಯಕಿ ಥ್ಯಾಚರ್ ಅವಿಶ್ವಾಸ ನಿರ್ಣಯ ತಂದಿದ್ದಾರೆ. ಒಂದೊಂದು ಓಟಿಗೂ ಹುಡುಕಾಟ. ಉತ್ತರ ಐರ್ಲೆಂಡಿನ ಫ್ರಾಂಕ್ ಮಗ್ವಾಯರ್ ಅಂತ ಒಬ್ಬರು ಲಂಡನ್ನಿಗೆ ಬಂದಿದ್ದೇನೋ ಹೌದು, ಬಂದಿದ್ದು ಯಾರಿಗೂ ಓಟು ಹಾಕದೆ ಇರೋದಕ್ಕೆ! ಲೇಬರ್ ಪಕ್ಷದ ಸರ್ ಆಲ್ಫ್ರೆಡ್ ಬ್ರಾಟನ್ ಯಾರ್ಕ್‌ಷೈರಿನಲ್ಲಿ ಸಾಯುವ ಸ್ಥಿತಿಯಲ್ಲಿದ್ದರು. ವಯಸ್ಸು 76, ಸ್ವತಃ ಡಾಕ್ಟರ್, ಬ್ಯಾಟ್ಲಿ ಅನ್ನೋ ಊರಿನ ಕಡೆಯ ಸದಸ್ಯರು. ಆ್ಯಂಬುಲೆನ್ಸಿನಲ್ಲಿ ಪಾರ್ಲಿಮೆಂಟಿನ ಅಂಗಳದವರೆಗೆ ತಂದರೆ ಸಾಕಿತ್ತು, ಒಳಗೆ ಬರದಿದ್ದರೂ ಓಟು ಎಣಿಸುವ ಪದ್ಧತಿ ಇದೆ. ಅವರು ಬರಲು ತಯಾರಿದ್ದರು. ದಾರಿಯಲ್ಲೇ ಜೀವ ಹೋದರೆ ಅನ್ನೋ ಭಯಕ್ಕೆ ಕ್ಯಾಲಹನ್ ಬೇಡ ಅಂದರು.

ಆಗ ಲೇಬರ್ ಕಡೆಯ ಉಪ ಮುಖ್ಯ ವಿಪ್ ವಾಲ್ಟರ್ ಹ್ಯಾರಿಸನ್, ಕನ್ಸರ್ವೇಟಿವ್ ಕಡೆ ಅದೇ ಹುದ್ದೆಯಲ್ಲಿದ್ದ ಬರ್ನಾರ್ಡ್ ವೆದರಿಲ್ ಹತ್ತಿರ ಹೋಗಿ ಒಂದು ಜೋಡಿ ಕೇಳಿದರು. ಹ್ಯಾರಿಸನ್ ಎಲೆಕ್ಟ್ರಿಷಿಯನ್ ಕೆಲಸದಿಂದ ಬಂದವರು. ವೆದರಿಲ್ ಟೈಲರ್ ಮನೆತನದವರು. ಹೊಲಿಯುವಾಗ ಬೆರಳಿಗೆ ಹಾಕುವ ಪುಟ್ಟ ಲೋಹದ ಟೋಪಿ ಸದಾ ಜೇಬಿನಲ್ಲಿ ಇರುತ್ತಿತ್ತು, ಬಂದ ದಾರಿ ಮರೆಯಬಾರದು ಅಂತ. ಯುದ್ಧದ ಕಾಲದಲ್ಲಿ ಭಾರತದ ಸೈನ್ಯದಲ್ಲಿದ್ದರು, ಬಂಗಾಳದ ಬರಗಾಲ ಕಂಡು ಮಾಂಸ ಬಿಟ್ಟವರು. ವೆದರಿಲ್ ಹೇಳಿದ್ದು: ಅವಿಶ್ವಾಸದ ಓಟಿಗೆ ಪೇರಿಂಗ್ ನಡೆಯಲ್ಲ, ನಮ್ಮವರು ಯಾರೂ ಒಪ್ಪಲ್ಲ. ಆದರೆ ಕಾಯಿಲೆಯವರಿಗೆ ಜೋಡಿ ಕೊಡ್ತೀವಿ ಅಂತ ಇಬ್ಬರ ನಡುವೆ ಮಾತಿದೆ, ಆ ಮಾತಿಗಾಗಿ ನಾನೇ ಓಟು ಹಾಕದೆ ಇರ್ತೀನಿ. ಹಾಗೆ ಮಾಡಿದ್ದರೆ ಅವರ ರಾಜಕೀಯ ಅಂದೇ ಮುಗಿಯುತ್ತಿತ್ತು. ಹ್ಯಾರಿಸನ್ನಿಗೆ ಅದು ಗೊತ್ತಿತ್ತು. ಬೇಡ, ಆ ಮಾತಿನಿಂದ ನಿಮ್ಮನ್ನು ಬಿಟ್ಟಿದ್ದೀನಿ ಅಂದರು.

ಫಲಿತಾಂಶ 311-310. ಒಂದೇ ಓಟಿನಲ್ಲಿ ಸರ್ಕಾರ ಬಿತ್ತು. ಐದು ದಿನಕ್ಕೆ ಬ್ರಾಟನ್ ತೀರಿಕೊಂಡರು, ಮೇ ತಿಂಗಳಲ್ಲಿ ಥ್ಯಾಚರ್ ಬಂದರು, ಆಮೇಲೆ 18 ವರ್ಷ ಲೇಬರ್ ಅಧಿಕಾರ ಕಾಣಲಿಲ್ಲ. ವೆದರಿಲ್ ಮುಂದೆ ಸ್ಪೀಕರ್ ಆದರು. ಹ್ಯಾರಿಸನ್ ಮಾಡಿದ್ದು ಸರೀನಾ ಅಂತ ನನ್ನನ್ನು ಕೇಳಬೇಡಿ. ಲೇಬರ್ ಬೆಂಬಲಿಸುವ ನನ್ನ ಒಬ್ಬ ಸಹೋದ್ಯೋಗಿ ಈ ಕತೆ ಬಂದಾಗಲೆಲ್ಲ ಇವತ್ತಿಗೂ ಹಲ್ಲು ಕಡಿಯುತ್ತಾನೆ.

ಇದನ್ನೆಲ್ಲ ಕೇಳಿ ಬಿಳಿಯರು ಸತ್ಯಹರಿಶ್ಚಂದ್ರರು ಅಂದ್ಕೋಬೇಡಿ. 2018ರ ಜುಲೈನಲ್ಲಿ ಲಿಬರಲ್ ಡೆಮಾಕ್ರಟ್ ಪಕ್ಷದ ಜೋ ಸ್ವಿನ್ಸನ್ ಹಸುಗೂಸು ಇಟ್ಟುಕೊಂಡು ಮನೆಯಲ್ಲಿದ್ದರು. ಜೋಡಿಯಾಗಿದ್ದ ಕನ್ಸರ್ವೇಟಿವ್ ಪಕ್ಷದ ಅಧ್ಯಕ್ಷ ಬ್ರಾಂಡನ್ ಲೂಯಿಸ್, ಬ್ರೆಕ್ಸಿಟ್ (ಯುರೋಪ್ ಒಕ್ಕೂಟ ಬಿಡೋದು) ಮೇಲಿನ ಎರಡು ಬಿಗಿ ಓಟಿನಲ್ಲಿ ಮಾತ್ರ ಹೋಗಿ ಓಟು ಹಾಕಿಬಿಟ್ಟರು. ಸರ್ಕಾರ ತಪ್ಪಾಯ್ತು, ಗೊತ್ತಿಲ್ಲದೆ ಆಯ್ತು ಅಂತು. ನಂಬಿದವರು ಕಮ್ಮಿ. ಆರು ತಿಂಗಳಿಗೆ ಲೇಬರ್ ಪಕ್ಷದ ಟುಲಿಪ್ ಸಿದ್ದಿಕ್, ಇನ್ನು ಪೇರಿಂಗ್ ನಂಬಲ್ಲ ಅಂತ, ಸಿಸೇರಿಯನ್ ಮುಂದಕ್ಕೆ ಹಾಕಿಸಿಕೊಂಡು ತುಂಬು ಬಸುರಿಯಾಗಿ ವೀಲ್‌ಚೇರಿನಲ್ಲಿ ಬಂದು ಓಟು ಹಾಕಿದರು. ಆಮೇಲೆ ಅವಸರದಲ್ಲಿ ಬಾಣಂತಿಯರ ಪರವಾಗಿ ಬೇರೆಯವರು ಓಟು ಹಾಕಬಹುದು ಅಂತ ನಿಯಮ ಬಂತು. ಮಾತು ಮುರಿದ ಕಡೆ ನಿಯಮ ಬರೆಯಬೇಕಾಯ್ತು.

ಈಗ ಬಹಿರಂಗ ಮೈತ್ರಿಗೆ ಬರೋಣ. 2010ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕನ್ಸರ್ವೇಟಿವ್ 306, ಲೇಬರ್ 258, ಲಿಬರಲ್ ಡೆಮಾಕ್ರಟ್ 57. ಕನ್ಸರ್ವೇಟಿವ್ ನಾಯಕ ಕ್ಯಾಮರನ್ ಮತ್ತು ಲಿಬರಲ್ ಡೆಮಾಕ್ರಟ್ ನಾಯಕ ನಿಕ್ ಕ್ಲೆಗ್ ಐದೇ ದಿನದಲ್ಲಿ ಕೂಡಿಕೊಂಡರು. ಪ್ರಧಾನಿ ಮನೆಯ ಗುಲಾಬಿ ತೋಟದಲ್ಲಿ ಇಬ್ಬರೂ ನಗುತ್ತಾ ನಿಂತಿದ್ದು ನೋಡಿ ಮದುಮಕ್ಕಳ ಹಾಗಿದ್ದಾರೆ ಅಂತ ಪೇಪರಿನವರು ಬರೆದರು. ನನ್ನ ಮೊದಲ ಓಟು ಕ್ಲೆಗ್ ಪಕ್ಷಕ್ಕೇ ಬಿದ್ದಿತ್ತು, ಜೊತೆಗಿದ್ದ ಹುಡುಗರೆಲ್ಲ ವಿದ್ಯಾರ್ಥಿಗಳು, ಅವರ ಹುರುಪು ನನಗೂ ಅಂಟಿತ್ತು. ಕಾಲೇಜು ಶುಲ್ಕ ಏರಿಸಲು ಬಿಡಲ್ಲ ಅಂತ ಆ ಪಕ್ಷದ ಅಭ್ಯರ್ಥಿಗಳು ಸಹಿ ಹಾಕಿ ಫೋಟೋ ತೆಗೆಸಿಕೊಂಡಿದ್ದರು. ಡಿಸೆಂಬರ್‌ನಲ್ಲಿ ಅದೇ ಪಕ್ಷದ 28 ಜನ ಶುಲ್ಕವನ್ನು 9,000 ಪೌಂಡಿಗೆ ಏರಿಸಲು ಓಟು ಹಾಕಿದರು, ಅಂದರೆ ಹೆಚ್ಚುಕಮ್ಮಿ ಮೂರು ಪಟ್ಟು. ನಮ್ಮ ಮನೆಯ ಕಿಟಕಿಗೆ ಅಂಟಿಸಿದ್ದ ಅವರ ಪೋಸ್ಟರ್ ಅವತ್ತು ರಾತ್ರಿಯೇ ಕಿತ್ತು ಕಸದ ಬುಟ್ಟಿಗೆ ಹೋಯ್ತು. 2012ರಲ್ಲಿ ಕ್ಲೆಗ್ ವಿಡಿಯೋದಲ್ಲಿ ಕ್ಷಮೆ ಕೇಳಿದರೆ, ಯಾರೋ ಅದಕ್ಕೆ ರಾಗ ಹಾಕಿ ಹಾಡು ಮಾಡಿ ಬಿಟ್ಟರು.

ಅವರು ಏನೂ ಮಾಡಲಿಲ್ಲ ಅಂತಲ್ಲ. 10,000 ಪೌಂಡಿನವರೆಗೆ ಆದಾಯ ತೆರಿಗೆ ಇಲ್ಲ ಅನ್ನೋದು ಅವರ ಯೋಜನೆ, ಪುಟ್ಟ ಮಕ್ಕಳಿಗೆ ಶಾಲೆಯಲ್ಲಿ ಬಿಟ್ಟಿ ಊಟ ಅವರ ಹಟ. ಆದರೆ ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ, ಹೆಸರು ದೊಡ್ಡ ಪಕ್ಷಕ್ಕೆ, ಬೈಗುಳ ಚಿಕ್ಕ ಪಕ್ಷಕ್ಕೆ. 2015ರಲ್ಲಿ 57 ಇದ್ದವರು 8ಕ್ಕೆ ಇಳಿದರು. ಅದರಲ್ಲಿ 27 ಸೀಟು ನುಂಗಿದ್ದು ಐದು ವರ್ಷ ಜೊತೆಗಿದ್ದ ಕನ್ಸರ್ವೇಟಿವ್ ಪಕ್ಷವೇ! ಆಮೇಲೆ ಯಾರಿಗೆ ಮೈತ್ರಿ ಬೇಕು ಹೇಳಿ. 2017ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ತೆರೇಸಾ ಮೇಗೆ ಬಹುಮತ ತಪ್ಪಿದಾಗ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷ ಮಂತ್ರಿಗಿರಿ ಕೇಳಲಿಲ್ಲ. ಹೊರಗಿನಿಂದಲೇ ಬೆಂಬಲ ಕೊಟ್ಟು ತಮ್ಮ ಸೀಮೆಗೆ 100 ಕೋಟಿ ಪೌಂಡ್ ತಗೊಂಡರು. ಇದ್ದವರು ಹತ್ತೇ ಸದಸ್ಯರು, ಲೆಕ್ಕ ನೀವೇ ಹಾಕಿ. ಆಮೇಲೆ ಮೇ ಅವರ ಬ್ರೆಕ್ಸಿಟ್ ಒಪ್ಪಂದಕ್ಕೆ ಮೂರು ಸಲವೂ ವಿರುದ್ಧ ಓಟು ಹಾಕಿದರು.

ಇನ್ನು ನಮ್ಮಲ್ಲಿ ಯಾಕೆ ಆಗಲ್ಲ ಅನ್ನೋದು. ನನ್ನ ಪ್ರಕಾರ ಒಂದು ದೊಡ್ಡ ಕಾರಣ ಪಕ್ಷಾಂತರ ನಿಷೇಧ ಕಾಯ್ದೆ. 1985ರಿಂದ ನಮ್ಮಲ್ಲಿ ಪಕ್ಷದ ಆದೇಶ (ಅದಕ್ಕೂ ವಿಪ್ ಅಂತಾರೆ) ಮೀರಿ ಓಟು ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಇಲ್ಲಿ ಪಕ್ಷದಿಂದ ಹೊರಗೆ ಹಾಕಬಹುದು, ಸೀಟು ಕಿತ್ತುಕೊಳ್ಳೋಕೆ ಆಗಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಇಲ್ಲದ ಬ್ರೆಕ್ಸಿಟ್ ತಡೆಯಲು 21 ಕನ್ಸರ್ವೇಟಿವ್ ಸದಸ್ಯರು ವಿರೋಧ ಪಕ್ಷಗಳ ಜೊತೆ ಸೇರಿದರು. ಚರ್ಚಿಲ್ ಮೊಮ್ಮಗನೂ ಇದ್ದ ಅದರಲ್ಲಿ. ಪ್ರಧಾನಿ ಬೋರಿಸ್ ಜಾನ್ಸನ್ ಈ 21 ಜನರನ್ನು ಪಕ್ಷದ ಸಾಲಿನಿಂದ ಹೊರಗಿಟ್ಟರು, ಆದರೂ ಸದಸ್ಯರಾಗಿಯೇ ಉಳಿದರು. ಅದೇ ವರ್ಷ ಕರ್ನಾಟಕದಲ್ಲಿ 17 ಶಾಸಕರು ಅನರ್ಹರಾದರು, ನೆನಪಿದೆಯಲ್ಲ, ಮುಂಬೈ ಹೋಟೆಲು, ವಿಮಾನ, ಎಲ್ಲ. ಕಾಯ್ದೆ ತಂದಿದ್ದು ಖರೀದಿ ನಿಲ್ಲಿಸಲು. ಖರೀದಿ ನಿಲ್ಲಲಿಲ್ಲ, ಮನಸ್ಸಿಗೆ ತೋಚಿದ ಹಾಗೆ ಓಟು ಹಾಕುವ ದಾರಿ ಮಾತ್ರ ಮುಚ್ಚಿತು. ಇದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನ ಇದ್ದಾರೆ.

ಮೇಲೆ ಹೇಳಿದ ಬ್ಯಾಟ್ಲಿ ಊರು ನೆನಪಿಟ್ಟುಕೊಳ್ಳಿ. 2016ರ ಜೂನ್ 16ರಂದು ಅಲ್ಲಿನ ಲೇಬರ್ ಸದಸ್ಯೆ ಜೋ ಕಾಕ್ಸ್ ಅವರನ್ನು ಒಬ್ಬ ಬಲಪಂಥೀಯ ಹುಚ್ಚ ನಡುಬೀದಿಯಲ್ಲಿ ಕೊಂದ. ಉಪಚುನಾವಣೆಯಲ್ಲಿ ಬೇರೆ ದೊಡ್ಡ ಪಕ್ಷಗಳು ಅಭ್ಯರ್ಥಿ ಹಾಕಲಿಲ್ಲ. ಒಂಟಿತನದ ಸಮಸ್ಯೆ ಬಗ್ಗೆ ಜೋ ಕಾಕ್ಸ್ ಕನ್ಸರ್ವೇಟಿವ್ ಪಕ್ಷದ ಸೀಮಾ ಕೆನಡಿ ಜೊತೆ ಕೆಲಸ ಶುರು ಮಾಡಿದ್ದರು. ಅದನ್ನು ಎರಡೂ ಪಕ್ಷದವರು ಕೂಡಿ ಮುಗಿಸಿದರು, 2018ರಲ್ಲಿ ಆ ವಿಷಯಕ್ಕೆ ಒಬ್ಬ ಮಂತ್ರಿಯೂ ಬಂದರು. ಆದರೆ 2021ರಲ್ಲಿ ಅದೇ ಕ್ಷೇತ್ರಕ್ಕೆ ಅವರ ತಂಗಿ ಕಿಮ್ ಲೆಡ್‌ಬೀಟರ್ ನಿಂತಾಗ ಯಾರೂ ಬಿಟ್ಟುಕೊಡಲಿಲ್ಲ, 323 ಓಟಿನಲ್ಲಿ ಕಷ್ಟಪಟ್ಟು ಗೆದ್ದರು.

ಸಾವು ಹತ್ತಿರವಿರುವ ರೋಗಿಗಳು ವೈದ್ಯರ ನೆರವಿನಿಂದ ಜೀವ ಬಿಡಬಹುದು ಅನ್ನೋ ಮಸೂದೆ ತಂದವರು ಇದೇ ಲೆಡ್‌ಬೀಟರ್. ಅದು ಸರಿಯೋ ತಪ್ಪೋ ಬೇರೆ ಮಾತು. 2024ರ ನವೆಂಬರ್ 29, ಶುಕ್ರವಾರ, ಯಾವ ಪಕ್ಷವೂ ವಿಪ್ ಕೊಡಲಿಲ್ಲ. ಪ್ರಧಾನಿ ಸ್ಟಾರ್ಮರ್ ಮತ್ತು ಅವರ ಎದುರು ಸೋತಿದ್ದ ರಿಷಿ ಸುನಕ್ ಇಬ್ಬರೂ ಪರ. ಸ್ಟಾರ್ಮರ್ ಅವರದೇ ಆರೋಗ್ಯ ಮಂತ್ರಿ ವೆಸ್ ಸ್ಟ್ರೀಟಿಂಗ್ ಮತ್ತು ವಿರೋಧ ಪಕ್ಷದ ನಾಯಕಿ ಕೆಮಿ ಬೇಡನಾಕ್ ವಿರುದ್ಧ. 330-275ರಲ್ಲಿ ಮಸೂದೆ ಅವತ್ತಿನ ಓಟಿನ ಹಂತ ದಾಟಿತು. ನಾನು ಆಫೀಸಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಹೆಚ್ಚುಕಮ್ಮಿ ಐದು ಗಂಟೆ ಚರ್ಚೆ, ಅಪ್ಪ ಅಮ್ಮನನ್ನು ಕಳೆದುಕೊಂಡ ಕತೆ ಹೇಳಿಕೊಂಡವರು, ಹೆದರಿಕೆ ಹೇಳಿಕೊಂಡವರು ಎರಡೂ ಕಡೆ ಇದ್ದರು. ಬುಧವಾರದ ಕೂಗಾಟ ಅವತ್ತು ಇರಲಿಲ್ಲ. ಆ ವಿಡಿಯೋ ನಿಮ್ಮ ಫೋನಿಗೆ ಬಂದಿರಲ್ಲ ಬಿಡಿ.