ಉಬುಂಟುವಿನಲ್ಲಿ ನಾನೇ ಕಂಪೈಲ್ ಮಾಡಿದ ಬ್ಯಾಶ್ /ಇಟಿಸಿ/ಬ್ಯಾಶ್.ಬ್ಯಾಶ್‌ಆರ್‌ಸಿ ಫೈಲನ್ನು ಯಾಕೆ ಓದುತ್ತಿಲ್ಲ?

ನಿಮ್ಮ ಪ್ರಶ್ನೆಯ ಒಂದು ಸಾಲಿನಲ್ಲೇ ಉತ್ತರ ಇದೆ. ಬ್ಯಾಶ್ ಅಂದರೆ ಶೆಲ್, ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ. ಅದರ 5.2ರ ಸೋರ್ಸ್ (ಮೂಲ ಕೋಡ್) ತಂದು ಕಂಪೈಲ್ ಮಾಡಿದ್ದೀರಿ, ಅದನ್ನೇ ನಿಮ್ಮ ಡೀಫಾಲ್ಟ್ ಶೆಲ್ ಮಾಡಿಕೊಂಡಿದ್ದೀರಿ. ಮಷೀನಿನ ಎಲ್ಲ ಬಳಕೆದಾರರಿಗೂ ಸಿಗಲಿ ಅಂತ ಅಲಿಯಾಸ್‌ಗಳನ್ನು (ಕಮಾಂಡ್‌ಗಳ ಅಡ್ಡಹೆಸರುಗಳನ್ನು) /ಇಟಿಸಿ/ಬ್ಯಾಶ್.ಬ್ಯಾಶ್‌ಆರ್‌ಸಿಯಲ್ಲಿ ಬರೆದಿದ್ದೀರಿ. ಎಸ್‌ಎಸ್‌ಎಚ್ ಮಾಡಿ (ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ) ಒಳಗೆ ಬಂದರೆ ಅವು ಸಿಗುತ್ತವೆ, ಡೆಸ್ಕ್‌ಟಾಪ್‌ನಲ್ಲಿ ಹೊಸ ಟರ್ಮಿನಲ್ ತೆರೆದರೆ ಸಿಗುವುದಿಲ್ಲ ಅಂದಿರಿ. ಹಾಗಾದರೆ ಫೈಲಿನಲ್ಲಿ ತಪ್ಪಿಲ್ಲ, ಪರ್ಮಿಷನ್‌ನಲ್ಲೂ ತಪ್ಪಿಲ್ಲ. ಆ ಹೆಸರಿನ ಫೈಲ್ ಒಂದಿದೆ ಅನ್ನುವುದೇ ನಿಮ್ಮ ಹೊಸ ಬ್ಯಾಶ್‌ಗೆ ಗೊತ್ತಿಲ್ಲ.

ಎಸ್‌ಎಸ್‌ಎಚ್‌ನಲ್ಲಿ ಮಾತ್ರ ಹೇಗೆ ಸಿಕ್ಕಿತು? ಅದು ಲಾಗಿನ್ ಶೆಲ್, ಅಂದರೆ ಲಾಗಿನ್ ಆದಾಗ ಏಳುವ ಶೆಲ್. ಲಾಗಿನ್ ಶೆಲ್ ಮೊದಲು /ಇಟಿಸಿ/ಪ್ರೊಫೈಲ್ ಓದುತ್ತದೆ. ಉಬುಂಟುವಿನ ಆ ಫೈಲ್ ತೆರೆದು ನೋಡಿ, ಶೆಲ್ ಬ್ಯಾಶ್ ಆಗಿದ್ದರೆ ಬ್ಯಾಶ್.ಬ್ಯಾಶ್‌ಆರ್‌ಸಿಯನ್ನೂ ಓದು ಅಂತ ಅದರಲ್ಲೇ ನಾಲ್ಕಾರು ಸಾಲು ಬರೆದಿದ್ದಾರೆ. ಅಂದರೆ ಬೇರೊಂದು ಫೈಲ್ ಕೈ ಹಿಡಿದು ಕರೆದುಕೊಂಡು ಬಂತು. ಡೆಸ್ಕ್‌ಟಾಪ್ ಟರ್ಮಿನಲ್‌ನಲ್ಲಿ ಏಳುವುದು ಸಾಮಾನ್ಯವಾಗಿ ಲಾಗಿನ್ ಶೆಲ್ ಅಲ್ಲ. ಅಲ್ಲಿ ಪ್ರೊಫೈಲ್ ಓದುವ ಮಾತೇ ಇಲ್ಲ, ಹಾಗಾಗಿ ಬ್ಯಾಶ್ ತಾನಾಗಿಯೇ ಆ ಫೈಲನ್ನು ಹುಡುಕಬೇಕು. ಉಬುಂಟು ಜೊತೆ ಬರುವ ಬ್ಯಾಶ್ ಹುಡುಕುತ್ತದೆ, ನಿಮ್ಮದು ಹುಡುಕುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಪ್ರೋಗ್ರಾಂ ಫೈಲಿನೊಳಗಿನ ಪಠ್ಯವನ್ನು ತೋರಿಸುವ ಸ್ಟ್ರಿಂಗ್ಸ್ ಕಮಾಂಡನ್ನು ಎರಡೂ ಬ್ಯಾಶ್‌ಗಳ ಮೇಲೆ ಓಡಿಸಿ, ಔಟ್‌ಪುಟ್‌ನಲ್ಲಿ 'ಇಟಿಸಿ' ಇರುವ ಸಾಲುಗಳನ್ನು ಗ್ರೆಪ್ ಮಾಡಿ (ಹುಡುಕಿ ತೆಗೆಯಿರಿ). /ಬಿನ್/ಬ್ಯಾಶ್‌ನಲ್ಲಿ /ಇಟಿಸಿ/ಪ್ರೊಫೈಲ್ ಜೊತೆಗೆ /ಇಟಿಸಿ/ಬ್ಯಾಶ್.ಬ್ಯಾಶ್‌ಆರ್‌ಸಿ ಕೂಡ ಕಾಣುತ್ತದೆ. ನಿಮ್ಮ /ಯುಎಸ್‌ಆರ್/ಲೋಕಲ್/ಬಿನ್/ಬ್ಯಾಶ್‌ನಲ್ಲಿ ಎರಡನೆಯದು ಇರುವುದಿಲ್ಲ. ಈ ದಾರಿಗಳು ಯಾವ ಸೆಟ್ಟಿಂಗ್‌ನಲ್ಲೂ ಇಲ್ಲ. ಕಂಪೈಲ್ ಆಗುವಾಗಲೇ ಬೈನರಿಯೊಳಗೆ ಕೂತುಬಿಡುತ್ತವೆ.

ಈಗ ರಿಪೇರಿ. ಬ್ಯಾಶ್ ಸೋರ್ಸ್ ಫೋಲ್ಡರಿನಲ್ಲಿ ಕಾನ್ಫಿಗ್-ಟಾಪ್.ಎಚ್ ಅಂತ ಒಂದು ಫೈಲ್ ಇದೆ. ಅದರಲ್ಲಿ ಸಿಸ್_ಬ್ಯಾಶ್‌ಆರ್‌ಸಿ ಅನ್ನುವ ಡಿಫೈನ್ (ಒಂದು ಹೆಸರಿಗೆ ಬೆಲೆ ಕೊಡುವ ಸಾಲು) ಹುಡುಕಿ. ಬೆಲೆ ಆಗಲೇ /ಇಟಿಸಿ/ಬ್ಯಾಶ್.ಬ್ಯಾಶ್‌ಆರ್‌ಸಿ ಅಂತಲೇ ಇದೆ, ಆದರೆ ಇಡೀ ಸಾಲು ಕಮೆಂಟ್‌ನೊಳಗಿದೆ, ಕಂಪೈಲರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂಲ ಗ್ನೂ ಬ್ಯಾಶ್ ಬರುವುದೇ ಹೀಗೆ. ಉಬುಂಟುವಿಗೆ ಮೂಲವಾದ ಡೆಬಿಯನ್‌ನವರು ಪ್ಯಾಚ್ (ಸಣ್ಣ ತಿದ್ದುಪಡಿ) ಹಾಕಿ ಆ ಕಮೆಂಟ್ ತೆಗೆಯುತ್ತಾರೆ, ಉಬುಂಟುವಿಗೂ ಅದೇ ಬರುತ್ತದೆ. ನೀವೂ ಕಮೆಂಟ್ ತೆಗೆಯಿರಿ. ಆಮೇಲೆ ಮೇಕ್ ಕ್ಲೀನ್, ಮೇಕ್, ಮೇಕ್ ಇನ್‌ಸ್ಟಾಲ್. ಸೋರ್ಸ್ ಮುಟ್ಟಲು ಇಷ್ಟವಿಲ್ಲದಿದ್ದರೆ ಆರ್ಚ್ ಲಿನಕ್ಸ್‌ನವರ ಹಾಗೆ ಇದೇ ಡಿಫೈನನ್ನು ಕಂಪೈಲರ್ ಫ್ಲ್ಯಾಗ್‌ನಲ್ಲಿ ಕೊಡಬಹುದು. ಕೋಟ್ ಗುರುತುಗಳನ್ನು ಎಸ್ಕೇಪ್ ಮಾಡುವುದರಲ್ಲಿ ಸ್ವಲ್ಪ ತಲೆ ಕೆಡುತ್ತದೆ, ಅದಕ್ಕೇ ನಾನು ಫೈಲ್ ತಿದ್ದುವುದೇ ಸುಲಭ ಅನ್ನುತ್ತೇನೆ.

ಕಾನ್ಫಿಗರ್ ಮಾಡುವಾಗ, ಸೆಟ್ಟಿಂಗ್ ಫೈಲ್‌ಗಳ ಜಾಗ ಹೇಳುವ --ಸಿಸ್‌ಕಾನ್ಫ್‌ಡಿರ್ ಆಯ್ಕೆ ಕೊಟ್ಟೂ ನೋಡಿದೆ ಅಂದಿದ್ದೀರಿ. ಬ್ಯಾಶ್ ಅದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೇ. /ಇಟಿಸಿ/ಪ್ರೊಫೈಲ್ ಅನ್ನುವ ದಾರಿ ಪಾತ್‌ನೇಮ್ಸ್.ಎಚ್.ಇನ್ ಫೈಲಿನಲ್ಲಿ ಹಾಗೇ ಬರೆದಿದೆ. ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಏನೇ ಕೊಟ್ಟರೂ ಬದಲಾಗುವುದಿಲ್ಲ. ಬ್ಯಾಶ್‌ನಂಥದ್ದೇ ಇನ್ನೊಂದು ಶೆಲ್ ಆದ ಝಡ್‌ಶೆಲ್‌ನಲ್ಲಿ ಈ ಕೆಲಸ ಎಷ್ಟೋ ಚೆನ್ನಾಗಿದೆ, --ಎನೇಬಲ್-ಇಟಿಸಿಡಿರ್ ಅಂತ ಒಂದೇ ಆಯ್ಕೆ ಸಾಕು. ಡೆಬಿಯನ್‌ನಲ್ಲಿ ಅದರ ಫೈಲ್‌ಗಳು /ಇಟಿಸಿ/ಝಡ್‌ಎಸ್‌ಎಚ್ ಒಳಗೆ, ಫೆಡೋರಾದಲ್ಲಿ ನೇರ /ಇಟಿಸಿಯಲ್ಲಿ. ಒಂದರ ಡಾಕ್ಯುಮೆಂಟ್ ಓದಿ ಇನ್ನೊಂದರಲ್ಲಿ ಫೈಲ್ ಮಾಡಿಟ್ಟು ದಿನವಿಡೀ ಕಾಯುವವರು ಜಾಸ್ತಿ.

ಫೆಡೋರಾದ ಬ್ಯಾಶ್ ಕೂಡ ಬೇರೆ ದಾರಿ. ಅಲ್ಲಿ /ಇಟಿಸಿ/ಬ್ಯಾಶ್‌ಆರ್‌ಸಿ ಇದೆ, ಅದನ್ನು ಓದಿಸುವುದು ಬಳಕೆದಾರರ ಹೋಮ್‌ನಲ್ಲಿರುವ .ಬ್ಯಾಶ್‌ಆರ್‌ಸಿ. ಅವರು ಆ ಸಾಲು ಅಳಿಸಿದರೆ ಅದೂ ಹೋಯಿತು.

ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದು ಆಂಡ್ರಾಯ್ಡ್‌ನ ಟರ್ಮಿನಲ್ ಆ್ಯಪ್ ಟರ್ಮಕ್ಸ್‌ನಿಂದ. ಆಂಡ್ರಾಯ್ಡ್ ಫೋನಿನಲ್ಲಿ /ಇಟಿಸಿ ಅನ್ನುವುದು /ಸಿಸ್ಟಂ/ಇಟಿಸಿಗೆ ಹೋಗುವ ಲಿಂಕ್. ಅಲ್ಲಿ ಒಂದು ಅಕ್ಷರ ಬರೆಯಲೂ ಆ್ಯಪ್‌ಗಳಿಗೆ ಬಿಡುವುದಿಲ್ಲ. ಹಾಗಾಗಿ ಟರ್ಮಕ್ಸ್‌ನವರು ಬ್ಯಾಶ್‌ನ ಕಾನ್ಫಿಗ್-ಟಾಪ್.ಎಚ್, ಪಾತ್‌ನೇಮ್ಸ್.ಎಚ್.ಇನ್ ಎರಡೂ ಫೈಲ್ ತಿದ್ದಿ, /ಡೇಟಾ/ಡೇಟಾ/ಕಾಮ್.ಟರ್ಮಕ್ಸ್/ಫೈಲ್ಸ್/ಯುಎಸ್‌ಆರ್/ಇಟಿಸಿ ಅನ್ನುವ ಉದ್ದನೆಯ ದಾರಿ ಕೂರಿಸಿದ್ದಾರೆ. ಬದಲಾಗಿದ್ದು ಬರೀ ಕೆಲವು ಸಾಲು. ಅಷ್ಟರಿಂದಲೇ ಜೇಬಿನಲ್ಲಿರುವ ಫೋನಿನಲ್ಲಿ ಬ್ಯಾಶ್ ತನ್ನ ಮನೆಯಲ್ಲಿರುವ ಹಾಗೆ ನಡೆದುಕೊಳ್ಳುತ್ತದೆ. ಮೊದಲ ಸಲ ಆ ಪ್ಯಾಚ್ ಓದಿದಾಗ ನನಗೆ ತುಂಬ ಖುಷಿಯಾಗಿತ್ತು.

ಅದಕ್ಕೇ ಒಂದು ಮಾತು. ದಾರಿ ಬದಲಿಸುವ ಅಧಿಕಾರ ಸಿಕ್ಕಿತು ಅಂತ /ಯುಎಸ್‌ಆರ್/ಲೋಕಲ್/ಇಟಿಸಿ ಅಥವಾ ಇನ್ನೆಲ್ಲೋ ಇಡಬೇಡಿ. ನಿಮ್ಮದು ಉಬುಂಟು. ಉಬುಂಟು ಎಲ್ಲಿ ಹುಡುಕುತ್ತದೋ ನಿಮ್ಮ ಬ್ಯಾಶೂ ಅಲ್ಲೇ ಹುಡುಕಲಿ. ಇಲ್ಲದಿದ್ದರೆ ಒಂದೇ ಮಷೀನಿನಲ್ಲಿ ಎರಡು ಬ್ಯಾಶ್, ಎರಡು ಫೈಲ್, ನಾಳೆ ನಿಮ್ಮ ಜಾಗಕ್ಕೆ ಬರುವವರು ಯಾವುದನ್ನು ತಿದ್ದಬೇಕು?

ಎಚ್ಚರಿಕೆಯ ವಿಷಯವೂ ಒಂದಿದೆ, ಅನುಭವಿಸಿ ಕಲಿತದ್ದು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಸರ್ವರ್‌ಗಳಲ್ಲಿ ಝಡ್‌ಶೆಲ್ ಇತ್ತು. ಯಾವ ಸರ್ವರ್‌ನಲ್ಲಿದ್ದೇವೆ ಅಂತ ಗೊತ್ತಾಗಲಿ ಎಂದು ಝಡ್‌ಎಸ್‌ಎಚ್‌ಎನ್ವ್ ಫೈಲಿನಲ್ಲಿ ಒಂದು ಎಕೋ ಸಾಲು (ತೆರೆಯ ಮೇಲೆ ಪಠ್ಯ ತೋರಿಸುವ ಕಮಾಂಡ್) ಹಾಕಿದೆ. ಬೆಳಗ್ಗೆ ನೋಡಿದರೆ ರಾತ್ರಿಯ ಬ್ಯಾಕಪ್ ನಿಂತಿತ್ತು. ಲಾಗ್‌ನಲ್ಲಿ, ಫೈಲ್‌ಗಳನ್ನು ನಕಲಿಸುವ ಪ್ರೋಗ್ರಾಂ ಆರ್‌ಸಿಂಕ್ ಕೇಳಿತ್ತು: 'ಪ್ರೋಟೊಕಾಲ್ ವರ್ಷನ್ ಮಿಸ್‌ಮ್ಯಾಚ್ -- ಈಸ್ ಯುವರ್ ಶೆಲ್ ಕ್ಲೀನ್?' ಆ ಫೈಲನ್ನು ಝಡ್‌ಶೆಲ್ ಪ್ರತಿ ಸಲವೂ ಓದುತ್ತದೆ, ಎದುರಿಗೆ ಮನುಷ್ಯ ಇರಲಿ ಇಲ್ಲದಿರಲಿ. ನನ್ನ ಎಕೋ ಸಾಲು ಆರ್‌ಸಿಂಕ್‌ನ ಮಾತಿನ ನಡುವೆ ಹೋಗಿ ಸೇರಿತ್ತು. ಮನುಷ್ಯರು ಕೂತು ಬಳಸುವಾಗ ಮಾತ್ರ ಓದುವ ಝಡ್‌ಎಸ್‌ಎಚ್‌ಆರ್‌ಸಿಗೆ ಆ ಸಾಲನ್ನು ಸಾಗಿಸಿದ ಮೇಲೆ ಸರಿಹೋಯಿತು.

ನಿಮ್ಮ ವಿಷಯದಲ್ಲೂ ಇದು ಬರುತ್ತದೆ. ಕಾನ್ಫಿಗ್-ಟಾಪ್.ಎಚ್‌ನಲ್ಲಿ ಎಸ್‌ಎಸ್‌ಎಚ್_ಸೋರ್ಸ್_ಬ್ಯಾಶ್‌ಆರ್‌ಸಿ ಅಂತ ಇನ್ನೊಂದು ಡಿಫೈನ್ ಇದೆ. ಡೆಬಿಯನ್ ಅದನ್ನೂ ತೆರೆದಿಟ್ಟಿದೆ. ಅದನ್ನು ತೆರೆದರೆ ಎಸ್‌ಎಸ್‌ಎಚ್ ಮೂಲಕ ಬರೀ ಒಂದು ಕಮಾಂಡ್ ಕಳಿಸಿದಾಗಲೂ ಈ ಫೈಲ್ ಓದಿಸಿಕೊಳ್ಳುತ್ತದೆ. ಆಗ ನಿಮ್ಮನ್ನು ಕಾಪಾಡುವುದು ಉಬುಂಟುವಿನ ಬ್ಯಾಶ್.ಬ್ಯಾಶ್‌ಆರ್‌ಸಿಯ ಆರಂಭದಲ್ಲಿರುವ ಒಂದು ಸಾಲು: ಪಿಎಸ್1 (ಕಮಾಂಡ್ ಟೈಪ್ ಮಾಡುವ ಜಾಗದಲ್ಲಿ ಕಾಣುವ ಪ್ರಾಂಪ್ಟ್) ಖಾಲಿ ಇದ್ದರೆ ಇಲ್ಲಿಂದಲೇ ವಾಪಸ್. ನಿಮ್ಮ ಅಲಿಯಾಸ್‌ಗಳು, ಎಕೋಗಳು ಎಲ್ಲ ಅದರ ಕೆಳಗೇ ಇರಲಿ.

ಇನ್‌ಸ್ಟಾಲ್ ಆದ ಮೇಲೆ ಹೊಸ ಟ್ಯಾಬ್ ತೆರೆದು ನೋಡಿ. ಆಗಲೂ ಅಲಿಯಾಸ್ ಬರದಿದ್ದರೆ ಎಕೋ ಡಾಲರ್ ಬ್ಯಾಶ್ ಕೊಟ್ಟು ಯಾವ ಬ್ಯಾಶ್ ಓಡುತ್ತಿದೆ ನೋಡಿ, ಅದರ ಸ್ಟ್ರಿಂಗ್ಸ್ ಔಟ್‌ಪುಟ್ ಕೂಡ ಇಲ್ಲಿ ಹಾಕಿ. ನಾನು ನೋಡಿ ಹೇಳುತ್ತೇನೆ.